ಎಮ್ಮೆಯ ನೀರಿಗೆ ಜವಾಬು ಹುಡುಕಿ ಸಿಂಹಳಕ್ಕೆ ಹೋದದ್ದು

ಹುಣಸೂರು

ನಾನು ಸಮುದ್ರ ದಾಟಿ ಸಿಂಹಳ ದ್ವೀಪಕ್ಕೆ ಹೋಗಿ ಬಂದೆ. ಹೋದದ್ದು ತೀರ್ಥಯಾತ್ರೆಗಲ್ಲ, ವ್ಯಾಪಾರಕ್ಕಲ್ಲ, ಹವಾ ಬದಲಾವಣೆಗೂ ಅಲ್ಲ. ಒಬ್ಬ ಹೆಂಗಸು ನಮ್ಮ ಮನೆಯ ಎಮ್ಮೆಗಳ ವಿಚಾರವಾಗಿ ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ಉತ್ತರ ಊರಲ್ಲಿ ಸಿಗಲಿಲ್ಲ, ಹೊರಟೆ.

ನಡೆದದ್ದು ಹೀಗೆ. ನಮ್ಮ ಮುನಿಸಿಪಾಲಿಟಿಗೆ ಸರ್ಕಾರದಿಂದ ಒಂದು ಕಾಗದ ಬಂತು. ಲಕ್ಷ್ಮಣತೀರ್ಥದ ಹೊಳೆಯಿಂದ ಯಂತ್ರದಲ್ಲಿ ನೀರೆತ್ತಿ ಹುಣಸೂರಿಗೆಲ್ಲ ನಲ್ಲಿ ಹಾಕಿಸಿಕೊಡುತ್ತೇವೆ, ಕೊಳವೆಯ ಖರ್ಚು ನಮ್ಮದು. ಯಂತ್ರ ನಡೆಸುವ ಖರ್ಚು, ರಿಪೇರಿ, ಬಚ್ಚಲು ನೀರು ಹೋಗುವ ಚರಂಡಿಯ ಕೂಲಿ ಊರವರದು. ಅದಕ್ಕೆ ತಕ್ಕ ದರ ನೀವೇ ಗೊತ್ತುಮಾಡಿ ಡಂಗುರ ಹೊಡೆಸಿ. ತಕರಾರು ಬಂದರೆ ಒಂದೊಂದಕ್ಕೂ ಜವಾಬು ಬರೆದು ಕಳಿಸಿ. ಜವಾಬಿಲ್ಲದ ತಕರಾರು ಒಂದೇ ಒಂದು ಉಳಿದರೂ ಕೊಳವೆಗಳು ಪಿರಿಯಾಪಟ್ಟಣಕ್ಕೆ ಹೋಗುತ್ತವೆ. ಈ ಕೊನೆಯ ಸಾಲು ಓದುವಾಗ ಅಮಲ್ದಾರರ ದನಿಯೇ ನಡುಗಿತು. ನಮ್ಮ ಪಾಲಿನದನ್ನು ದೇವರು ಕಿತ್ತುಕೊಂಡರೆ ಹಣೆಬರಹ ಎನ್ನಬಹುದು. ಪಿರಿಯಾಪಟ್ಟಣದವರು ಕಿತ್ತುಕೊಂಡರೆ ಏನೆನ್ನುವುದು?

ನಾನು ಆ ಸಭೆಯ ಮೆಂಬರು. ಎದ್ದು ನಿಂತು ಶಲ್ಯ ಸರಿಮಾಡಿಕೊಂಡು, “ಮನೆಗೊಂದು ನಲ್ಲಿ, ಎಲ್ಲ ನಲ್ಲಿಗೂ ಒಂದೇ ದರ. ದೊಡ್ಡವರು ಚಿಕ್ಕವರು ಅನ್ನೋ ಭೇದವೇ ಬೇಡ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮನೆಯಲ್ಲಿ ಹೊತ್ತಿಗೆ ಇಪ್ಪತ್ತೆಂಟು ಎಲೆ ಬೀಳುತ್ತವೆ, ಕೊಟ್ಟಿಗೆಯಲ್ಲಿ ಒಂಬತ್ತು ಎಮ್ಮೆಗಳಿವೆ. ಅದು ಆಗ ನನ್ನ ನೆನಪಿಗೆ ಬರಲಿಲ್ಲ. ಬಂದಿದ್ದರೂ ಬಾಯಿ ಬಿಡುತ್ತಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆಗ ಕಿಟಕಿಯ ಆಚೆಯಿಂದ ಒಂದು ದನಿ ಬಂತು. ನಮ್ಮ ಎದುರು ಮನೆಯ ಫಾತಿಮಾಬಿ. ಗಂಡ ತೀರಿಕೊಂಡ ಮೇಲೆ ಎತ್ತಿನ ಕೊರಳಪಟ್ಟಿ ಹೊಲಿದು ಒಬ್ಬಳೇ ಬದುಕುತ್ತಿರುವವಳು. ಸೆರಗು ತಲೆಯ ಮೇಲೆಳೆದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಒಳಗಿದ್ದವರಿಗೆ ಕಂಡದ್ದು ಸೆರಗಿನ ತುದಿ ಮಾತ್ರ, ಕೇಳಿದ್ದು ಪೂರಾ.

“ಗೌಡ್ರೇ, ಒಂದ್ ಮಾತು. ನಮ್ಮನೇಲಿರೋಳು ನಾನೊಬ್ಳು. ದಿನಕ್ಕೆ ಎರಡು ಕೊಡ ಸಾಕು ನಂಗೆ. ನಿಮ್ಮನೇಲಿ ಒಂಬತ್ತು ಎಮ್ಮೆ ಅವೆ. ನಿಮ್ಮ ಎಮ್ಮೆ ಕುಡಿಯೋ ನೀರಿಗೆ ನಾನ್ಯಾಕೆ ಕಂದಾಯ ಕಟ್ಲಿ? ಅವುಗಳ ಮೈ ತೊಳೆದ ಬಗ್ಗಡ ನಮ್ಮ ಬಾಗ್ಲ ಮುಂದೇನೇ ಅರೀತದೆ. ಸೀರೆ ಎತ್ಕಂಡು ಅದ ದಾಟೋಳೂ ನಾನೇ, ಅದಕ್ಕೆ ದುಡ್ಡು ಕೊಡೋಳೂ ನಾನೇನಾ?”

ಚಪ್ಪಾಳೆ ತಟ್ಟಿದ ಕೈಗಳು ಹಾಗೇ ನಿಂತವು. ಗುಮಾಸ್ತರು ತಕರಾರಿನ ಹಾಳೆ ತೆಗೆದು ಬರೆದುಕೊಂಡುಬಿಟ್ಟರು. ಊರಿನಲ್ಲಿ ಬಂದ ತಕರಾರು ಅದೊಂದೇ. ನಾನು ಮಾರನೆಯ ದಿನ ಅವಳ ಜಗುಲಿಯ ಮುಂದೆ ನಿಂತು, “ಫಾತಿಮಕ್ಕ, ವಾಪಸು ತಗೊಂಡುಬಿಡಿ, ಊರಿಗೆ ಒಳ್ಳೇದಾಗ್ತದೆ” ಎಂದು ಬೇಡಿಕೊಂಡೆ. “ಜವಾಬು ಕೊಡಿ, ತಗೋತೀನಿ” ಎಂದಳು. ಅವಳ ಮಾತಿನಲ್ಲಿ ಹಟವಿತ್ತು, ಹೆದರಿಕೆಯೂ ಇತ್ತು. ನಲ್ಲಿ ಬಂದ ದಿನವೇ ಆ ಬೀದಿಯ ಬಾವಿ ಮುಚ್ಚಿಸುವುದೆಂದು ಗೊತ್ತಾಗಿತ್ತು, ಕಾಲರಾ ಭಯಕ್ಕೆ. ದರ ಕಟ್ಟಲಾಗದೆ ನಲ್ಲಿ ತಪ್ಪಿದರೆ ಅವಳಿಗೆ ಬಾವಿಯೂ ಇಲ್ಲ.

ಜವಾಬು ಹುಡುಕಿಕೊಂಡು ಸುತ್ತಾಡಿದೆ. ಕೃಷ್ಣರಾಜನಗರಕ್ಕೆ ಹೋದರೆ ಅಲ್ಲಿಯ ನೆಂಟರು ಭತ್ತ, ಕಬ್ಬು ಬಿಟ್ಟು ಬೇರೆ ಮಾತಾಡಲಿಲ್ಲ. ಹೆಗ್ಗಡದೇವನಕೋಟೆಗೆ ಹೋದರೆ, “ನಿಮಗೆ ಎಮ್ಮೆ ಕಾಟ, ನಮಗೆ ಆನೆ ಕಾಟ, ಓಗ್ರೀ” ಎಂದರು. ಕೊನೆಗೆ ದಾರಿ ತೋರಿಸಿದವನು ಫಾತಿಮಾಬಿಯ ತಮ್ಮನೇ. ಗಫೂರ್ ಸಾಬ್ ಗಾಡಿ ಚಕ್ರ ಮಾಡುವುದರಲ್ಲಿ ನಮ್ಮೂರಿಗೇ ಹೆಸರಾದ ಬಡಗಿ. ನಾಲಿಗೆಯೂ ಉಳಿಯಷ್ಟೇ ಚೂಪು. ಅವನ ದೊಡ್ಡಪ್ಪನ ಮಗ ಸಿಂಹಳದಲ್ಲಿ ಅಂಗಡಿ ಇಟ್ಟಿದ್ದ, ಅವರ ಮನೆಯಲ್ಲಿ ಮಗಳ ಮದುವೆ.

“ಬತ್ತೀರಾ ಗೌಡ್ರೇ? ಅಲ್ಲಿ ಮನೆಮನೆಗೂ ನೀರು ಅಳೆಯೋ ಗಡಿಯಾರ ಮಡಗವ್ರಂತೆ.”

“ನೀರಿಗೆ ಗಡಿಯಾರವಾ?”

“ಊಂ ಕಣ್ರೀ. ಅಕ್ಕನ ಪ್ರಶ್ನೆಗೆ ಜವಾಬು ಅಲ್ಲಿಲ್ದೆ ಓದ್ರೆ ಇನ್ನೆಲ್ಲೂ ಇಲ್ಲ.”

ನಮ್ಮ ಅವ್ವನಿಗೆ ಹೇಳಿದಾಗ ಅವಳು ಬೆಣ್ಣೆ ಕಡೆಯುತ್ತಿದ್ದಳು. ಕಡೆಗೋಲು ನಿಲ್ಲಿಸಿ, “ಆಂಜನೇಯ ಓಗಿ ಬಾಲ ಸುಟ್ಕಂಡು ಬಂದ. ನಿಂಗೆ ಬಾಲಾನೂ ಇಲ್ಲ, ಏನ್ ಸುಟ್ಕಂಡು ಬತ್ತೀಯೋ ಕಾಣೆ” ಎಂದಳು. ಆದರೂ ತಿರುಪಿನ ಮುಚ್ಚಳದ ತಾಮ್ರದ ಕೂಜದಲ್ಲಿ ಲಕ್ಷ್ಮಣತೀರ್ಥದ ನೀರು ತುಂಬಿಸಿ ಕೈಗಿಟ್ಟಳು. ಪರಸ್ಥಳದ ನೀರು ಕುಡಿಯುವ ಮೊದಲು ಊರ ನೀರು ಒಂದು ಹನಿ ಬೆರೆಸಿಕೊಳ್ಳಬೇಕು, ಇಲ್ಲದಿದ್ದರೆ ಮೈಗೆ ಒಗ್ಗುವುದಿಲ್ಲ ಎನ್ನುವುದು ನಮ್ಮ ಮನೆಯ ನಂಬಿಕೆ.

ರೈಲು, ಮತ್ತು ಧನುಷ್ಕೋಟಿ

ಯಾವ ರೈಲು, ಎಲ್ಲಿ ಬದಲಾಯಿಸಬೇಕು, ಟಿಕೇಟು ಎಷ್ಟು ಎಂಬುದನ್ನು ಸ್ಟೇಷನ್ ಮಾಸ್ತರರನ್ನು ಕೇಳಿ ತಿಳಿದುಕೊಳ್ಳಿ, ಅವರಿಗೆ ಸಂಬಳ ಕೊಡುವುದು ಅದಕ್ಕೇ. ನಾನು ಹೇಳಬೇಕಾದ್ದು ಕೂಜದ ವಿಚಾರ.

ಬೆಂಗಳೂರು ದಾಟುವವರೆಗೂ ಆ ಕೂಜ ನನ್ನ ತೊಡೆಯ ಮೇಲೆ ಕೂಸಿನಂತೆ ಕೂತಿತ್ತು. ತಮಿಳು ಸೀಮೆಯ ಬಿಸಿಲು ಏರಿದ ಹಾಗೆ ಗಫೂರನಿಗೆ ಬಾಯಾರಿತು. ನಾನು ಮುಚ್ಚಳ ತಿರುಗಿಸಿ, ಅವನ ಬಾಯಿಗೆ ಮೇಲಿನಿಂದ ಎರಡು ಗುಟುಕು ಹೊಯ್ದು, ಮುಚ್ಚಳ ಬಿಗಿದೆ.

“ಇನ್ನೊಂದು ಗುಟುಕು ಬುಡ್ರೀ.”

“ಮುಂದಿನ ಸ್ಟೇಷನ್ನಿಗೆ.”

“ಅಲ್ಲಾ ಗೌಡ್ರೇ, ಊರಲ್ಲಿ ಇದೇ ನೀರ್ನ ಎಮ್ಮೆ ಮೈಮೇಲೆ ಕೊಡ ಕೊಡ ಸುರೀತೀರಿ.”

“ಊರಲ್ಲಿ ಅದು ಹೊಳೇಲಿತ್ತು. ಇದನ್ನ ನಾನು ಹೊತ್ತು ತಂದಿದ್ದೀನಿ.”

ಗಫೂರ್ ಮೀಸೆ ಒರೆಸಿಕೊಂಡು ನಕ್ಕ. “ಓಳೇಲಿದ್ದಾಗ ಬಿಟ್ಟಿ. ನಿಮ್ಮ ತೊಡೆ ಮೇಲೆ ಕುಂತ ಮೇಲೆ ಅತ್ತರ್ ಆಗೋಯ್ತು. ಅಂಗಾರೆ ನೀವು ಕೇಳ್ತಿರೋದು ನೀರಿಗಲ್ಲ, ಒತ್ತು ತಂದ ಕೂಲಿಗೆ.” ಆ ಮಾತಿನಲ್ಲಿ ನಾನು ಹುಡುಕುತ್ತಿದ್ದ ಜವಾಬಿನ ಅರ್ಧ ಇತ್ತು. ನನಗೆ ಆಗ ತಿಳಿಯಲಿಲ್ಲ. ಹಟಕ್ಕೆ ಬಿದ್ದು ಇನ್ನೊಂದು ಸುತ್ತು ಮುಚ್ಚಳ ಬಿಗಿ ಮಾಡಿದೆ.

ಕಡಲ ದಡದಲ್ಲಿ ಹಡಗು ಹತ್ತುವ ಮೊದಲು ಡಾಕ್ಟರ ತಪಾಸಣೆ ಇತ್ತು. ನಾಲಿಗೆ ನೋಡಿದರು, ಕಣ್ಣು ನೋಡಿದರು, ಆಮೇಲೆ ನನ್ನ ಬುತ್ತಿ ನೋಡಿದರು. ಹಿಂದಿನ ದಿನದ ರಾಗಿಮುದ್ದೆ, ಕಲ್ಲಿನಷ್ಟು ಗಟ್ಟಿ, ಮಸಿಯಷ್ಟು ಕಪ್ಪು. ಡಾಕ್ಟರು ಅದನ್ನು ಬೆತ್ತದ ತುದಿಯಿಂದ ಒತ್ತಿ ನೋಡಿದರು. ಬೆತ್ತ ಬಾಗಿತು, ಮುದ್ದೆ ಬಾಗಲಿಲ್ಲ. ಇದೇನು ಎಂದು ತಮಿಳಿನಲ್ಲಿ ಕೇಳಿದರು. ಊಟ ಎಂದು ತೋರಿಸಲು ನಾನು ಒಂದು ಚೂರು ಮುರಿದು ನುಂಗಿಬಿಟ್ಟೆ. ಅಗಿಯದೆ ನುಂಗಿದ್ದನ್ನು ಕಂಡು ಅವರು ಮತ್ತೊಮ್ಮೆ ನನ್ನ ಗಂಟಲು ತಪಾಸಣೆ ಮಾಡಿದರು. ಮುದ್ದೆಯನ್ನು ಅಗಿಯುವುದು ನಮ್ಮಲ್ಲಿ ಅವಮಾನ ಎಂದು ತಮಿಳಿನಲ್ಲಿ ಹೇಳುವಷ್ಟು ತಮಿಳು ನನಗೆ ಬರುತ್ತಿರಲಿಲ್ಲ.

ಹಡಗಿನಲ್ಲಿ ನಾನು ಏನೂ ನೋಡಲಿಲ್ಲ. ಕಟಾಂಜನ ಹಿಡಿದು ಬಗ್ಗಿ ನಿಂತವನಿಗೆ ಕಂಡದ್ದು ಕಡಲಿನ ಒಂದೇ ಒಂದು ಜಾಗ. ಮುದ್ದೆ ಹೇಗೆ ಹೋಗಿತ್ತೋ ಹಾಗೇ ಮರಳಿತು. ಗಫೂರ್ ನನ್ನ ಬೆನ್ನು ತಟ್ಟುತ್ತ, “ಇಷ್ಟು ನೀರೈತಲ್ಲ ಗೌಡ್ರೇ, ಒಂದು ಗುಟುಕು ಕುಡಿಯಂಗಿಲ್ಲ. ಇದಕ್ಕೆ ಏನ್ ದರ ಆಕ್ತೀರಿ?” ಎಂದು ಕೇಳಿದ. ಕೂಜದಲ್ಲಿ ಉಳಿದ ನೀರೆಲ್ಲ ಅವನಿಗೇ ಕುಡಿಸಿ ಬಾಯಿ ಮುಚ್ಚಿಸಿದೆ.

ಗಡಿಯಾರದ ಮನೆ

ನಾವು ಹೋದ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ನನ್ನ ಮರ್ಯಾದೆ ಸ್ವಲ್ಪ ಚೆಲ್ಲಿದೆ, ಯಾರೂ ಹುಡುಕಿಕೊಂಡು ಹೋಗುವುದು ಬೇಡ. ಕಡಲ ಪಕ್ಕದ ಊರು. ಬೀದಿಯ ಎರಡು ಕಡೆಯೂ ಕಲ್ಲಿನ ಚರಂಡಿ, ಅದರ ಮೇಲೆ ಚಪ್ಪಡಿ. ಮನೆಯಿಂದ ಮನೆಗೆ ಹೋಗುವಾಗ ಯಾವ ಹೆಂಗಸೂ ಸೀರೆ ಎತ್ತಿಕೊಳ್ಳುತ್ತಿರಲಿಲ್ಲ. ನಾನು ಅದನ್ನೇ ನೋಡುತ್ತ ನಿಂತೆ. ಗಫೂರ್ ನನ್ನ ತೋಳು ಎಳೆದು, “ಚರಂಡಿ ನೋಡ್ತಿದ್ದೀನಿ ಅಂದ್ರೆ ಯಾರೂ ನಂಬಾಕಿಲ್ಲ ಕಣ್ರೀ, ನಡೀರಿ” ಎಂದ.

ಅವನ ದೊಡ್ಡಪ್ಪನ ಮಗ ಹನೀಫ್ ಸಾಹೇಬರು ಹುಣಸೂರು ಬಿಟ್ಟು ಮೂವತ್ತು ವರ್ಷವಾಗಿತ್ತು. ಆದರೆ ಅವರ ಕನ್ನಡ ಮೂವತ್ತು ವರ್ಷದ ಹಿಂದಿನ ಹುಣಸೂರಿನಲ್ಲೇ ನಿಂತಿತ್ತು. ಸತ್ತುಹೋದವರನ್ನೆಲ್ಲ ಹೇಗಿದ್ದಾರೆಂದು ಕೇಳಿದರು. ಹೊಳೆ ದಾರಿಯ ಹುಣಸೆಮರ ಇದೆಯೇ ಎಂದು ಕೇಳಿ, ಇದೆ ಎಂದಾಗ ಕಣ್ಣೊರೆಸಿಕೊಂಡರು.

ಅವರ ಗೇಟಿನ ಪಕ್ಕ, ನೆಲದಲ್ಲಿ, ಕಬ್ಬಿಣದ ಪೆಟ್ಟಿಗೆಯೊಳಗೆ ಆ ಗಡಿಯಾರ ಇತ್ತು. ಗಾಜಿನ ಕೆಳಗೆ ಒಂದು ಮುಳ್ಳು. ಒಳಗೆ ನಲ್ಲಿ ತಿರುಗಿಸಿದರೆ ಇಲ್ಲಿ ಮುಳ್ಳು ಅಲ್ಲಾಡುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಮೀಟರು ಎನ್ನುತ್ತಿದ್ದರು. ನಾನು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದೆ. ಸುಳ್ಳು ಹೇಳಲು ಬಾರದ ಗುಮಾಸ್ತ ಸಿಕ್ಕಿದ ಎಂದು ಸಂತೋಷವಾಯಿತು.

ಮಾರನೆಯ ದಿನ ಮದುವೆ. ಬೆಳಗಾಗುತ್ತಿದ್ದ ಹಾಗೆ ಎದ್ದೆ. ನಮ್ಮ ಕಡೆ ಮದುವೆ ಮನೆಗೆ ಹೋದ ಗಂಡಸು ಬೀಗನಂತೆ ಕೂತಿರುವುದಿಲ್ಲ, ನೀರಿನ ಕೆಲಸಕ್ಕೆ ಕೈ ಹಾಕುತ್ತಾನೆ. ಹಿತ್ತಲಿನಲ್ಲಿ ಬಿರಿಯಾನಿಯ ದೊಡ್ಡ ದೇಗುಗಳು, ಹಂಡೆಗಳು, ಕೊಡಗಳು ಸಾಲಾಗಿ ಕೂತಿದ್ದವು. ಮಲಗಿದ್ದವರು ಏಳುವುದರೊಳಗೆ ಎಲ್ಲವನ್ನೂ ತುಂಬಿಸಿಬಿಡೋಣ ಎಂದು ಎರಡು ನಲ್ಲಿಯನ್ನೂ ತಿರುಗಿಸಿದೆ.

ಇಲ್ಲಿ ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಕೊಡ ತುಂಬಿದರೆ ಸಾಲದು, ತುಂಬಿ ಚೆಲ್ಲಬೇಕು. ಕಂಠದವರೆಗೆ ಬಂದು ನಿಂತ ಕೊಡವನ್ನು ಮನೆಯೊಳಗೆ ತಂದರೆ ಹಿರಿಯರು ಮುಖ ತಿರುಗಿಸುತ್ತಾರೆ. ಮದುವೆ ಮನೆಯಲ್ಲಂತೂ ಪಾತ್ರೆ ಚೆಲ್ಲಿದಷ್ಟೂ ಸಿರಿ ಎನ್ನುತ್ತಾರೆ. ಹುಡುಗಿಯ ಬಾಳು ತುಂಬಿ ಹರಿಯಲಿ ಎಂದು ನಾನು ಪ್ರತಿಯೊಂದು ದೇಗನ್ನೂ ನಾಲ್ಕು ಕಡೆಯಿಂದಲೂ ಚೆಲ್ಲುವವರೆಗೆ ಬಿಟ್ಟೆ. ಕೊನೆಯ ಎರಡಕ್ಕೆ ನಲ್ಲಿ ಬಿಟ್ಟು, ಚೆಲ್ಲುತ್ತಿರಲಿ ಎಂದು ಜಗುಲಿಗೆ ಬಂದು, ಗಫೂರ್ ಕಾಸಿದ ಚಹಾ ಕುಡಿಯುತ್ತ ಅವನ ಪಕ್ಕ ಕೂತೆ. ಒಳ್ಳೆ ಕೆಲಸ ಮಾಡಿದೆನಲ್ಲ ಎಂದು ಮೀಸೆ ತೀಡಿಕೊಂಡದ್ದೂ ನೆನಪಿದೆ.

ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಒಬ್ಬ ಮುದುಕರು ಬರುತ್ತಿದ್ದರು. ಸೊಂಟಕ್ಕೆ ಲುಂಗಿ, ಮೇಲೆ ಕರಿ ಕೋಟು, ಹಿಂದಕ್ಕೆ ಬಾಚಿದ ಕೂದಲಿಗೆ ಹೆಂಗಸರಂತೆ ಒಂದು ಬಾಚಣಿಗೆ, ಕೈಯಲ್ಲಿ ಛತ್ರಿ. ಅಲ್ಲಿಯ ಹಳೆ ಕಾಲದ ಗಂಡಸರು ಹಾಗೇ ಬಾಚಣಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅವರು ನಮ್ಮನ್ನು ನೋಡುತ್ತಿರಲಿಲ್ಲ, ಚಪ್ಪಡಿಯ ಸಂದಿಯಲ್ಲಿ ಚರಂಡಿಯನ್ನು ನೋಡುತ್ತ ಬರುತ್ತಿದ್ದರು. ಒಳ್ಳೆ ನೀರು ಎಲ್ಲಿಂದ ಹರಿದು ಬರುತ್ತಿದೆ ಎಂದು ಅದರ ಜಾಡು ಹಿಡಿದು, ನೆಟ್ಟಗೆ ನಮ್ಮ ಗೇಟಿಗೆ ಬಂದು ನಿಂತರು. ಅವರೇ ಮೀಟರು ನೋಡುವವರು. ಪೆಟ್ಟಿಗೆ ತೆರೆದರು. ಮುಳ್ಳು ಬುಗುರಿಯಂತೆ ತಿರುಗುತ್ತಿತ್ತು.

ಮುದುಕರು ಹನೀಫ್ ಸಾಹೇಬರನ್ನು ಎಬ್ಬಿಸಿದರು. ಸಾಹೇಬರು ಹಿತ್ತಲಿಗೆ ಓಡಿದರು. ಕಾಲು ಜಾರಿ ದೇಗನ್ನು ತಬ್ಬಿಕೊಂಡು ನಿಂತರು. “ಯಾ ಅಲ್ಲಾ! ಇದ್ಯಾರು ಮಾಡಿದ್ದು?” ಎಂದು ಕೂಗಿದರು. ಗಫೂರ್ ಜಗುಲಿಯಿಂದಲೇ ನನ್ನ ಕಡೆ ಗಲ್ಲ ತಿರುಗಿಸಿ ತೋರಿಸಿದ.

ಮುದುಕರು ಸಿಟ್ಟಾಗಲಿಲ್ಲ. ತಮಿಳಿನಲ್ಲಿ ನಿಧಾನವಾಗಿ ಹೇಳಿದರು, ಸಾಹೇಬರು ನನಗೆ ಕನ್ನಡ ಮಾಡಿ ಹೇಳಿದರು. ಅಲ್ಲಿ ಕುಡಿಯಲು, ಬೇಯಿಸಲು, ಸ್ನಾನಕ್ಕೆ ಬೇಕಾದಷ್ಟು ನೀರು ಎಲ್ಲ ಮನೆಗೂ ಒಂದೇ ಸಣ್ಣ ದರಕ್ಕೆ. ಅದರ ಮೇಲೆ ಹೋದರೆ ಹೋದಷ್ಟಕ್ಕೆ ದರ ಜಾಸ್ತಿ. ಒಳಗೆ ಬಂದ ನೀರೆಲ್ಲ ಕೊಳೆಯಾಗಿ ಆಚೆ ಹೋಗಲೇಬೇಕಲ್ಲ, ಆದ್ದರಿಂದ ಚರಂಡಿಗೂ ಅದೇ ಅಳತೆ.

ನಾನು ಕುಗ್ಗಿಹೋದೆ. ಆದರೂ ಸುಮ್ಮನಿರುವ ಜಾಯಮಾನ ನನ್ನದಲ್ಲ. “ನಮ್ಮೂರಲ್ಲಿ ಕೊಡ ಚೆಲ್ಲಿದರೆ ಶುಭ” ಎಂದು ಹೇಳಿಸಿದೆ. ಮುದುಕರು ತಲೆಯಾಡಿಸಿ ಏನೋ ಹೇಳಿದರು. ಸಾಹೇಬರು ಒದ್ದೆ ಲುಂಗಿ ಹಿಂಡುತ್ತ ಕನ್ನಡ ಮಾಡಿದರು: “ಶುಭ ಆಗ್ಲಿ ಅಂತಾರೆ. ಶುಭ ಯಾರ್ದೋ ದರಾನೂ ಅವರ್ದೇ ಅಂತಾರೆ.”

ನೀರಿನ ಕಚೇರಿ

ಮದುವೆ ಚೆನ್ನಾಗಿ ಆಯಿತು. ಬಿರಿಯಾನಿಗೆ ನೀರು ಕಡಿಮೆಯಾಗಲಿಲ್ಲ. ಎರಡು ದಿನ ಕಳೆದು ಹನೀಫ್ ಸಾಹೇಬರೇ ನಮ್ಮನ್ನು ಆ ಊರಿನ ನೀರಿನ ಕಚೇರಿಗೆ ಕರೆದುಕೊಂಡು ಹೋದರು. ನನ್ನನ್ನು ಮನೆಯಲ್ಲಿ ನಲ್ಲಿಯ ಹತ್ತಿರ ಒಬ್ಬನೇ ಬಿಡುವುದಕ್ಕಿಂತ ಅದೇ ವಾಸಿ ಎನಿಸಿರಬೇಕು.

ಕಚೇರಿಯ ಬಾಗಿಲಲ್ಲಿ ಒಂದು ಹಲಗೆ. ದರ ಇಷ್ಟು ಎಂದು ಬರೆದು ಕೈಬಿಟ್ಟಿರಲಿಲ್ಲ, ಇಷ್ಟು ಯಾಕೆ ಎನ್ನುವುದನ್ನೂ ಬರೆದಿದ್ದರು. ಯಂತ್ರಕ್ಕೆ ಕಲ್ಲಿದ್ದಲು, ನಡೆಸುವವರ ಸಂಬಳ, ಒಡೆದ ಕೊಳವೆಯ ರಿಪೇರಿ, ಮುಂದೆ ಕೊಳವೆ ಸವೆದ ದಿನ ಬೇಕಾಗುವ ಗಂಟು, ಚರಂಡಿ ತೊಳೆಯುವವರ ಕೂಲಿ. ಅಷ್ಟೇ. ನೀರಿಗೆ ಎಂದು ಒಂದು ಕಾಸೂ ಇರಲಿಲ್ಲ. ನನಗೆ ರೈಲಿನಲ್ಲಿ ಗಫೂರ್ ಆಡಿದ ಮಾತು ಥಟ್ಟನೆ ನೆನಪಾಯಿತು. ನೀರು ದೇವರದು, ಕೇಳುವುದು ಹೊತ್ತು ತಂದ ಕೂಲಿ. ಅವನ ಮುಖ ನೋಡಿದೆ. ಅವನು ಹಲಗೆಯ ಮರ ಯಾವುದೆಂದು ಉಗುರಿನಿಂದ ಗೀರಿ ನೋಡುತ್ತಿದ್ದ.

ಒಳಗೆ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ, ಯಾರೂ ಎತ್ತಿಕೊಂಡು ಹೋಗದ ಹಾಗೆ ಸರಪಳಿ ಹಾಕಿತ್ತು. ತಕರಾರಿನ ಪುಸ್ತಕ. ಎಡಗಡೆಯ ಹಾಳೆಯಲ್ಲಿ ಜನರ ತಕರಾರು, ಬಲಗಡೆ ಕಚೇರಿಯ ಜವಾಬು, ಯಾರು ಬೇಕಾದರೂ ಓದಬಹುದು. ಗುಮಾಸ್ತರು ತಮಿಳರು, ಮೂಗಿನ ತುದಿಯಲ್ಲಿ ಕನ್ನಡಕ. ಅಲ್ಲೊಂದು ಇಲ್ಲೊಂದು ಓದಿ ಹೇಳಿದರು. ಒಬ್ಬ ಬಿಳಿ ದೊರೆ ಬರೆದಿದ್ದನಂತೆ, ನನ್ನ ಗುಲಾಬಿ ತೋಟ ಬೀದಿಗೆಲ್ಲ ಚೆಂದ, ಅದಕ್ಕೆ ಹಾಕುವ ನೀರಿಗೆ ದರ ಮಾಫಿ ಮಾಡಿ. ಬಲಗಡೆ ಜವಾಬು: ಚೆಂದ ನಿಜ, ಗುಲಾಬಿ ತಮ್ಮದು. ಒಬ್ಬ ಅಗಸ ಬರೆಸಿದ್ದ, ಒಗೆಯುವುದು ಊರವರ ಬಟ್ಟೆ, ದರ ಮಾತ್ರ ದೊರೆಯ ತೋಟದ ಹಾಗೆ ನನ್ನೊಬ್ಬನ ತಲೆಗೆ. ಅದಕ್ಕೆ ಜವಾಬು: ನಿಮ್ಮ ಮಾತು ಸರಿ, ತಪ್ಪು ನಮ್ಮದು, ದರ ತಿದ್ದಿದ್ದೇವೆ.

ತಪ್ಪು ನಮ್ಮದು! ಕಚೇರಿಯೊಂದು ಕೈಯಾರೆ ಹಾಗೆ ಬರೆದದ್ದನ್ನು ನಾನು ಹುಟ್ಟಿದ ಮೇಲೆ ಅದೇ ಮೊದಲು ನೋಡಿದ್ದು. ಕಡಲು ನೋಡಿದಾಗಲೂ ಅಷ್ಟು ಆಶ್ಚರ್ಯವಾಗಿರಲಿಲ್ಲ.

ಧೈರ್ಯ ಬಂದು, ಫಾತಿಮಾಬಿಯ ತಕರಾರನ್ನು ಹನೀಫ್ ಸಾಹೇಬರ ಬಾಯಲ್ಲಿ ಹೇಳಿಸಿದೆ. ಯಾರ ಎಮ್ಮೆ ಎನ್ನುವುದನ್ನು ಮಾತ್ರ ಬಿಟ್ಟೆ. ಒಂದು ಊರು, ಒಬ್ಬ ವಿಧವೆ, ಎದುರು ಮನೆಯ ಒಂಬತ್ತು ಎಮ್ಮೆ, ಎಲ್ಲರಿಗೂ ಒಂದೇ ದರ. ಇದಕ್ಕೆ ತಾವು ಏನು ಜವಾಬು ಬರೆಯುತ್ತೀರಿ?

ಗುಮಾಸ್ತರು ಕನ್ನಡಕ ತೆಗೆದು ಒರೆಸಿ, ಒಂದೇ ಮಾತು ಕೇಳಿದರು. ಸಾಹೇಬರು ನನ್ನ ಕಡೆ ತಿರುಗಿ, “ಒಂದೇ ದರ ಅಂತ ಗೊತ್ತುಮಾಡಿದೋರು ಯಾರು ಅಂತ ಕೇಳ್ತಾರೆ” ಎಂದರು.

“ಒಬ್ಬ ಮೆಂಬರು” ಎಂದೆ.

“ಎಮ್ಮೆ ಯಾರವು ಅಂತ ಕೇಳ್ತಾರೆ.”

ನಾನು ಸೂರು ನೋಡಿದೆ. ಗಫೂರ್ ಎರಡೂ ಕೈಯಿಂದ ನನ್ನನ್ನು ತೋರಿಸಿದ, ಸಂತೆಯಲ್ಲಿ ಎತ್ತು ತೋರಿಸುವ ಹಾಗೆ. ಆ ಕಚೇರಿಯಲ್ಲಿದ್ದವರೆಲ್ಲ ಪುಸ್ತಕ ಮುಚ್ಚಿ ನಕ್ಕರು. ಗುಮಾಸ್ತರು ನಗಲಿಲ್ಲ, ಮೆತ್ತಗೆ ಏನೋ ಹೇಳಿದರು. ಸಾಹೇಬರು ಸ್ವಲ್ಪ ಸಂಕೋಚದಿಂದಲೇ ಕನ್ನಡ ಮಾಡಿದರು: “ದರ ಬರೆಯೋನು ಮೊದಲು ತನ್ನ ಮನೆಗೆ ಎಷ್ಟು ಬೀಳ್ತದೆ ಅಂತ ನೋಡ್ಕೋಬೇಕಂತೆ. ಎಲ್ಲರಿಗಿಂತ ತನಗೇ ಸಲೀಸಾಗಿದ್ರೆ ಹರಿದು ಹಾಕಿ ಮತ್ತೆ ಬರೀಬೇಕಂತೆ.”

ವಾಪಸು ಬರುವಾಗ ಚರಂಡಿಯ ಚಪ್ಪಡಿ ಎಣಿಸುತ್ತ ನಡೆದೆ. ಗಫೂರ್ ಛೇಡಿಸಲಿಲ್ಲ. ಬೈಸಿಕೊಂಡಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನನಗೆ ಜವಾಬು ಗೊತ್ತಿರಲಿಲ್ಲ ಎನ್ನುವುದೇ ಸುಳ್ಳು. ಗೊತ್ತಿದ್ದ ಜವಾಬು ಬೇಡವಾಗಿತ್ತು, ಬೇರೆ ಜವಾಬು ಸಿಗುತ್ತದೇನೋ ಎಂದು ಅಷ್ಟು ದೂರ ಹೋಗಿದ್ದೆ.

ಮತ್ತೆ ಹುಣಸೂರು

ಊರಿಗೆ ಬಂದ ವಾರದಲ್ಲೇ ಸಭೆ ಕೂಡಿತು. ಈ ಸಲ ಶಲ್ಯ ಸರಿಮಾಡಿಕೊಳ್ಳಲಿಲ್ಲ. “ನನ್ನ ಹಳೆ ದರ ತಪ್ಪು” ಎಂದೆ. ಪರದೇಶದ ಗಾಳಿ ತಲೆಗೆ ಹೊಡೆದಿದೆ ಎಂದುಕೊಂಡರು. ಹೊಸ ದರ ಹೇಳಿದೆ. ಮನೆಗೆ ದಿನಕ್ಕೆ ನಾಲ್ಕು ಕೊಡದವರೆಗೆ ಎಲ್ಲರಿಗೂ ಒಂದೇ ಸಣ್ಣ ದರ. ಅದರ ಮೇಲೆ ಉಣ್ಣುವ ಎಲೆಗಳ ಲೆಕ್ಕ, ಕೊಟ್ಟಿಗೆಯ ದನ ಎಮ್ಮೆಗಳ ಲೆಕ್ಕ. ಚರಂಡಿಗೂ ಅದೇ ಅಳತೆ. ಯಾಕೆ ಇಷ್ಟು ಎನ್ನುವುದನ್ನು ಹಲಗೆಯ ಮೇಲೆ ಬರೆದು ಬಾಗಿಲಿಗೆ ಹಾಕುವುದು, ತಕರಾರಿಗೆ ಒಂದು ಪುಸ್ತಕ ಇಡುವುದು.

“ಮೀಟರಿಲ್ಲದೆ ಎಮ್ಮೆ ಎಷ್ಟು ಕುಡೀತು ಅಂತ ಹೇಗ್ರೀ ಗೊತ್ತಾಗ್ತದೆ?” ಎಂದು ಅಮಲ್ದಾರರು ಕೇಳಿದರು.

“ಸ್ವಾಮಿ, ಯಾರ ಮನೇಲಿ ಎಷ್ಟು ಎಮ್ಮೆ ಅವೆ, ಎಷ್ಟು ಕರೀತವೆ ಅನ್ನೋದು ಈ ಊರಲ್ಲಿ ಯಾರಿಗೆ ಗೊತ್ತಿಲ್ಲ? ನಮಗೆ ಮೀಟರು ಬೇಡ, ಎದುರು ಮನೆಯೋರು ಸಾಕು.”

ಕಿಟಕಿಯ ಆಚೆ ಸೆರಗಿನ ತುದಿ ಅಲ್ಲಾಡಿತು. “ಇದು ಜವಾಬು” ಎಂದು ದನಿ ಬಂತು. “ನನ್ನ ತಕರಾರು ವಾಪಸು.”

ನಿಟ್ಟುಸಿರುಬಿಟ್ಟು ಮನೆಗೆ ಬಂದೆ. ಮೂರನೆಯ ದಿನ ಗುಮಾಸ್ತರು ಓಡಿಬಂದರು. ಹೊಸ ಪುಸ್ತಕದಲ್ಲಿ ಮೊದಲನೆಯ ತಕರಾರು ಬಿದ್ದಿದೆ, ಕಚೇರಿಗೆ ಬಂದು ಸಾವಕಾಶವಾಗಿ ಕೂತು ಓದಿ ಎಂದರು. ಓದಿದೆ. ‘ನನ್ನ ಮಗ ಊರಿಗೆ ಉಪಕಾರಿ, ಮನೆಗೆ ಮಾರಿ. ಆಂಜನೇಯ ಲಂಕೆ ಸುಟ್ಟು ಬಂದ. ಇವನು ಲಂಕೆಗೆ ಹೋಗಿ ಬಂದು ನನ್ನ ಕೊಟ್ಟಿಗೆಗೆ ಬೆಂಕಿ ಇಟ್ಟ. ನನ್ನ ಎಮ್ಮೆಗಳಿಗೆ ಯಾಕೆ ಕಂದಾಯ ಎಂಬುದಕ್ಕೆ ಜವಾಬು ಬೇಕು.’ ಕೆಳಗೆ ನಮ್ಮ ಅವ್ವನ ಹೆಬ್ಬೆಟ್ಟು.

ಜವಾಬಿಲ್ಲದ ತಕರಾರು ಒಂದು ಉಳಿದರೂ ಕೊಳವೆ ಪಿರಿಯಾಪಟ್ಟಣಕ್ಕೆ. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು, ಬಲಗಡೆಯ ಹಾಳೆಯಲ್ಲಿ ಬರೆದು, ಕೊಟ್ಟಿಗೆಯಲ್ಲಿದ್ದ ಅವ್ವನ ಮುಂದೆ ನಿಂತು ಓದಿದೆ. “ಅವ್ವ, ಎಮ್ಮೆ ನಮ್ಮವು. ಹಾಲು ನಮ್ಮದು. ಬೆಣ್ಣೆ ಮಾರಿದ ದುಡ್ಡು ನಿನ್ನ ಸೆರಗಿನ ಗಂಟಲ್ಲೈತೆ. ಅವು ಕುಡಿದ ನೀರು ಮಾತ್ರ ಫಾತಿಮಕ್ಕನ ಲೆಕ್ಕಕ್ಕೆ ಹೋದ್ರೆ ಆ ಬೆಣ್ಣೆ ನಿನ್ನ ಗಂಟಲಲ್ಲಿ ಇಳೀತದಾ?”

ಅವ್ವ ಎಮ್ಮೆಯ ಬೆನ್ನ ಮೇಲೆ ಕೈಯಾಡಿಸಿದಳು. ಆಮೇಲೆ, “ಇಷ್ಟು ಏಳಕ್ಕೆ ಸಮುದ್ರ ದಾಟ್ಬೇಕಿತ್ತೇನ್ಲಾ?” ಎಂದಳು. ಮಸಿ ಕೇಳಿ ಪಡೆದು, ಜವಾಬಿನ ಕೆಳಗೂ ಹೆಬ್ಬೆಟ್ಟು ಒತ್ತಿದಳು.

ಎದುರು ಬೀದಿ

ಕೊಳವೆಗಳು ಬಂದವು, ಪಿರಿಯಾಪಟ್ಟಣಕ್ಕಲ್ಲ, ನಮಗೆ. ನಲ್ಲಿ ಬಿಡುವ ದಿನ ಅಮಲ್ದಾರರು ಜರಿಪೇಟ ಸುತ್ತಿಕೊಂಡು ನಮ್ಮ ಬೀದಿಗೇ ಬಂದರು. ಮೊದಲ ಕೊಡ ಮೊದಲ ತಕರಾರಿನವಳದೇ ಆಗಲಿ ಎಂದು ಅವರದೇ ಅಪ್ಪಣೆ. ಬಾವಿಗೆ ಮುಚ್ಚಳ ಬಿದ್ದಾಗಿತ್ತು. ಫಾತಿಮಾಬಿಯ ಮನೆಯ ಮುಂದೆ ಹೊಸ ಚರಂಡಿ, ಅದರ ಮೇಲೆ ಚಪ್ಪಡಿ. ಬೀದಿಯವರೆಲ್ಲ ಸೇರಿದ್ದರು. ಅವ್ವ ನಮ್ಮ ಜಗುಲಿಯ ಮೇಲೆ ಕೂತಿದ್ದಳು.

ಫಾತಿಮಾಬಿ ತಿಕ್ಕಿ ಬೆಳಗಿದ ತಾಮ್ರದ ಕೊಡ ತಂದು ನಲ್ಲಿಯ ಕೆಳಗಿಟ್ಟಳು. ಆಮೇಲೆ ನೆಟ್ಟಗೆ ನಮ್ಮ ಕೊಟ್ಟಿಗೆಗೆ ಹೋದಳು. ಎಲ್ಲರೂ ನೋಡುತ್ತಿದ್ದ ಹಾಗೆಯೇ ನಮ್ಮ ಎಮ್ಮೆಗಳಲ್ಲಿ ಎಲ್ಲಕ್ಕಿಂತ ದಪ್ಪನಾದದ್ದರ ಹಗ್ಗ ಹಿಡಿದು ಎಳೆದು ತಂದಳು. ಅದರ ಕೊರಳಿಗೆ ಅವಳೇ ಹೊಲಿದ ಹೊಸ ಪಟ್ಟಿ ಬಿಗಿದಿದ್ದಳು. ಹಿಂದೆಯೇ ಗಫೂರ್ ಒಂದು ಮರದ ಬಾನಿ ಹೊತ್ತು ತಂದು ಕೊಡದ ಬುಡಕ್ಕೆ ಒತ್ತಿ ಇಟ್ಟ. ಅಮಲ್ದಾರರು ನನ್ನ ಮುಖ ನೋಡಿದರು. ನನಗೂ ಏನೂ ಗೊತ್ತಿರಲಿಲ್ಲ.

ನಲ್ಲಿ ತಿರುಗಿಸಿದರು. ನೀರು ಬಂತು. ಹೆಂಗಸರು ‘ಓ’ ಎಂದರು. ಕೊಡ ಕಂಠದವರೆಗೆ ತುಂಬಿತು. ನಿಲ್ಲಿಸಲು ಹೋದ ಗುಮಾಸ್ತರ ಕೈ ತಡೆದು ಫಾತಿಮಾಬಿ, “ಚೆಲ್ಲಲಿ ಬುಡಿ ಸ್ವಾಮಿ, ಮೊದಲ್ನೇ ಕೊಡ” ಎಂದಳು. ಕೊಡ ತುಂಬಿ ಚೆಲ್ಲಿತು. ಚೆಲ್ಲಿದ್ದು ಬಾನಿಗೆ ಬಿತ್ತು. ಎಮ್ಮೆ ಬಾನಿಗೆ ಮೂತಿ ಇಟ್ಟು ಸೊರಸೊರ ಎಳೆಯತೊಡಗಿತು.

ಫಾತಿಮಾಬಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಗುಮಾಸ್ತರ ಕಡೆ ತಿರುಗಿ, “ಕೊಡ ನಂದು. ಚೆಲ್ಲಿದ್ದು ಗೌಡ್ರುದು. ಬರ್ಕಳಿ” ಎಂದಳು.

ಗುಮಾಸ್ತರು ಲೇಖನಿ ಹಿಡಿದು ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಜಗುಲಿಯ ಮೇಲಿಂದ ಅವ್ವನ ದನಿ ಬಂತು.

“ಬರ್ಕಳಯ್ಯ. ಎಮ್ಮೆ ನಮ್ದೇ.”